ಕೆಳಗೆ ಬಿದ್ದ ಪ್ಯಾಡು

ಮದ್ದೂರಿನ ಹಳೇ ಹೆದ್ದಾರಿ ಪಕ್ಕದ ಕಾರು ಪಾಲಿಶ್ ಅಂಗಡಿಗೆ ನಾನು ಸೇರಿದ್ದು ನೆಲ ಗುಡಿಸಲಿಕ್ಕೆ. ಅದಕ್ಕೂ ಮುಂಚೆ ಒಂಬತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಅಂಗಿಗಳ ದಾರ ಕತ್ತರಿಸುತ್ತಿದ್ದೆ. ನಿಂತೂ ನಿಂತೂ ಮೊಣಕಾಲಿನ ಹಿಂದೆ ನರ ಗಂಟುಕಟ್ಟಿಕೊಂಡಿತು. ಮಂಡ್ಯದ ಡಾಕ್ಟರು ನೋಡಿ, ನಿಂತು ಮಾಡುವ ಕೆಲಸ ಬಿಟ್ಟುಬಿಡಿ ಅಂದರು. ಬಿಟ್ಟು ಎಲ್ಲಿಗೆ ಹೋಗುವುದು ಅಂತ ಅವರು ಹೇಳಲಿಲ್ಲ. ನಮ್ಮೂರು ಚಿಕ್ಕರಸಿನಕೆರೆಯಿಂದ ಮದ್ದೂರಿಗೆ ಹೋಗುವ ಬಸ್ಸಿನಲ್ಲಿ ಸಿಕ್ಕ ಹೆಂಗಸೊಬ್ಬಳು ಈ ಅಂಗಡಿಯ ವಿಷಯ ತಿಳಿಸಿದಳು. ಅಲ್ಲಿ ಗುಡಿಸುವುದು ಬೆಳಿಗ್ಗೆ ಒಂದು ಗಂಟೆ ಹೊತ್ತು, ಮಿಕ್ಕಿದ್ದು ಕೂತು ಮಾಡುವ ಕೆಲಸ ಅಂದಳು.

ಕೂತು ಮಾಡುವ ಕೆಲಸ ಅಂದರೆ ಪ್ಯಾಡು ತೊಳೆಯುವುದು. ಪ್ಯಾಡು ಅಂದರೆ ಅಂಗೈಗಿಂತ ದೊಡ್ಡದು, ಊಟದ ತಟ್ಟೆಗಿಂತ ಚಿಕ್ಕದು, ದಪ್ಪ ಸ್ಪಂಜಿನ ಬಿಲ್ಲೆ. ಅದರ ಬೆನ್ನಿಗೆ ಮಕ್ಕಳ ಬೂಟಿನಲ್ಲಿರುವಂಥ ಚರ್ ಎಂದು ಕಿತ್ತು ಬರುವ ಪಟ್ಟಿ. ಅದನ್ನು ಮೆಷಿನ್ನಿಗೆ ಅಂಟಿಸಿ, ಕಾಂಪೌಂಡು ಅನ್ನುವ ಬಿಳೀ ಮುಲಾಮು ಹಚ್ಚಿ, ಕಾರಿನ ಬಣ್ಣದ ಮೇಲೆ ಗಿರಗಿರ ತಿರುಗಿಸುತ್ತಾರೆ. ಹಳದಿ ಪ್ಯಾಡು ಒರಟು, ಗೀರು ತೆಗೆಯಲಿಕ್ಕೆ. ಕರೀ ಪ್ಯಾಡು ಬೆಣ್ಣೆಯಂಥದ್ದು, ಕೊನೆಯ ಹೊಳಪಿಗೆ. ಒಂದು ಕಾರು ಮುಗಿಯುವುದರೊಳಗೆ ಏಳೆಂಟು ಪ್ಯಾಡು ಸತ್ತ ಬಣ್ಣ ಕುಡಿದು, ಕಾಂಪೌಂಡು ಒಣಗಿ, ಹಳೇ ರೊಟ್ಟಿಯ ಹಾಗೆ ಗಟ್ಟಿಯಾಗುತ್ತಿದ್ದವು. ಅವನ್ನೆಲ್ಲ ನನ್ನ ಬಕೆಟ್ಟಿಗೆ ಹಾಕುತ್ತಿದ್ದರು.

ಕೆಲಸ ಕಲಿಸಿದವರು ಅಂಗಡಿಯ ಮೇಸ್ತ್ರಿ. ಬೆಳಕವಾಡಿಯವರು, ಅರವತ್ತರ ಆಸುಪಾಸು. ಲಾರಿಗಳಿಗೆ ಬಣ್ಣ ಹೊಡೆಯುವುದರಿಂದ ಶುರುಮಾಡಿ ಮಂಡ್ಯ, ಮೈಸೂರು ಎಲ್ಲ ಸುತ್ತಿ ಇಲ್ಲಿಗೆ ಬಂದು ನಿಂತಿದ್ದರು. ಓನರ್ರು ಅವರಿಗಿಂತ ಬಹಳ ಚಿಕ್ಕವರು. ಅಂಗಡಿ ನಡೆಯುತ್ತಿದ್ದದ್ದು ಮೇಸ್ತ್ರಿಯ ಕೈಯಿಂದ ಅಂತ ಓನರ್ರಿಗೂ ಗೊತ್ತಿತ್ತು. ಎಕ್ಸ್‌ಪ್ರೆಸ್‌ವೇ ಆದಮೇಲೆ ದಾರಿಹೋಕರ ಕಾರುಗಳು ಊರೊಳಗೆ ಬರುವುದನ್ನೇ ಬಿಟ್ಟಿದ್ದವು. ಮೇಸ್ತ್ರಿಯ ಹೆಸರು ಕೇಳಿಕೊಂಡು ಬರುವವರು ಮಾತ್ರ ಉಳಿದಿದ್ದರು.

ಮೊದಲ ದಿನ ನಾನು ಪ್ಯಾಡನ್ನು ಬಟ್ಟೆಯ ಹಾಗೆ ತಿರುಚಿ ಹಿಂಡಿದೆ. ಅವರು ಮೆಷಿನ್ ನಿಲ್ಲಿಸಿ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಇಂಡ್ಬೇಡ ಕಣವ್ವ. ಅಂಗೈಲಿ ಒತ್ತು, ಬುಡು. ಒತ್ತು, ಬುಡು. ನೀರು ತಿಳಿಯಾಗೋಗಂಟ."

ತಿರುಚಿದರೆ ಸ್ಪಂಜು ಒಳಗೊಳಗೇ ಹರಿಯುತ್ತದೆ, ಹರಿದ ಪ್ಯಾಡು ಮೆಷಿನ್ನಿನಲ್ಲಿ ಕುಣಿಯುತ್ತದೆ ಅಂತ ವಿವರಿಸಿದರು. ನೀರು ಕೈಗೆ ಹಿತವಾಗುವಷ್ಟೇ ಬೆಚ್ಚಗಿರಬೇಕು. ಬಿಸಿ ಜಾಸ್ತಿಯಾದರೆ ಬೆನ್ನಿನ ಪಟ್ಟಿಯ ಅಂಟು ಬಿಡುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರು ನಾಲ್ಕೇ ಹನಿ. ಮೆತ್ತನೆ ಬ್ರಷ್ಷಿನಲ್ಲಿ ನಡುವಿನಿಂದ ಅಂಚಿಗೆ ಉಜ್ಜಬೇಕು. ಹಳದಿಯದು ಒಂದು ಬಕೆಟ್ಟು, ಕರಿಯದು ಇನ್ನೊಂದು, ಎರಡೂ ಸೇರಬಾರದು. ಬೋರ್‌ವೆಲ್ ನೀರು ಗಡುಸು, ಒಣಗಿದರೆ ಬಿಳೀ ಪುಡಿ ಉಳಿಯುತ್ತದೆ. ಆದ್ದರಿಂದ ಕೊನೇ ನೀರಿಗೆ ಮಾತ್ರ ದಿನ ಬಿಟ್ಟು ದಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು. ಅದನ್ನು ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಡುವುದೂ ನನ್ನ ಪಾಲಿಗೇ ಬಂತು. ತೊಳೆದ ಪ್ಯಾಡನ್ನು ಅವರು ಮೆಷಿನ್ನಿಗೆ ಹಾಕಿ, ಖಾಲಿ ಡ್ರಮ್ಮಿನೊಳಗೆ ಇಳಿಸಿ ಒಂದು ಸುತ್ತು ತಿರುಗಿಸುತ್ತಿದ್ದರು. ಒಳಗಿನ ನೀರೆಲ್ಲ ಡ್ರಮ್ಮಿನ ಗೋಡೆಗೆ ಸಿಡಿಯುತ್ತಿತ್ತು. ಆಮೇಲೆ ನೆರಳಿನಲ್ಲಿ, ತಂತಿ ಜಾಲರಿಯ ಮೇಲೆ, ಬೆನ್ನು ಮೇಲಕ್ಕಿಟ್ಟು ಒಣಗಿಸಬೇಕು. ಹಿಂದಿನ ಗದ್ದೆಯಾಚೆ ಆಲೆಮನೆ ಇತ್ತು. ಬೆಲ್ಲ ಕಾಯಿಸುವ ದಿನ ಅಲ್ಲಿಂದ ಕರೀ ಹೊಟ್ಟು ಹಾರಿ ಬಂದು ಜಾಲರಿಯ ಮೇಲೆ ಕೂರುತ್ತಿತ್ತು. ಮನೆಯಿಂದ ಒಂದು ಹಳೇ ವಾಯಲ್ ಸೀರೆ ತಂದು ಹೊದಿಸುವ ಏರ್ಪಾಡು ಮಾಡಿದೆ.

ಎಲ್ಲಕ್ಕಿಂತ ಮುಖ್ಯ ಅಂತ ಅವರು ಹೇಳಿದ್ದು ಒಂದೇ ಮಾತು. ಕೆಳಗೆ ಬಿದ್ದ ಪ್ಯಾಡು ಮತ್ತೆ ಕಾರು ಮುಟ್ಟಬಾರದು. ಯಾರು ಬೀಳಿಸಲಿ, ಎಷ್ಟೇ ಅರ್ಜೆಂಟಿರಲಿ, ಅದು ಸೀದಾ ನನ್ನ ಬಕೆಟ್ಟಿಗೆ ಬರಬೇಕು. ಸಾಸಿವೆಯಷ್ಟೂ ಬೇಡ, ಸಾಸಿವೆಯ ಕಾಲುಭಾಗ ಮರಳು ಹತ್ತಿದ್ದರೂ ಸಾಕು, ಬಾನೆಟ್ಟಿನ ತುಂಬ ಉಂಗುರ ಉಂಗುರ ಗೀರು ಬೀಳುತ್ತದೆ.

ದಿನಕ್ಕೆ ಇಪ್ಪತ್ತು, ಮೂವತ್ತು ಪ್ಯಾಡು. ಒತ್ತು, ಬಿಡು. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ನನ್ನದಲ್ಲ ಅನ್ನಿಸುತ್ತಿತ್ತು. ಬೆರಳಸಂದಿಯೆಲ್ಲ ಬಿರುಕು. ರಾತ್ರಿ ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ಬಿರುಕಿಗಿಳಿದು ಕಣ್ಣಲ್ಲಿ ನೀರು ಬರುತ್ತಿತ್ತು. ಕಾಲಿಗೆ ವಿಶ್ರಾಂತಿ ಕೊಡಲು ಹೋಗಿ ಕೈ ಕಳೆದುಕೊಂಡೆಯಲ್ಲ ಅಂತ ನಮ್ಮ ಯಜಮಾನರು ಹೇಳುತ್ತಿದ್ದರು. ನಕ್ಕು ಇನ್ನೊಂದು ತುತ್ತು ಮುರಿಯುತ್ತಿದ್ದೆ.

ಎರಡು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಮೇಸ್ತ್ರಿಯಲ್ಲಿ ಏನೋ ಬದಲಾಗಿದೆ ಅಂತ ನನಗೆ ಕಾಣಲು ಶುರುವಾಯಿತು. ಮೊದಲೆಲ್ಲ ಒಣಗಿದ ಪ್ಯಾಡನ್ನು ಬೆರಳತುದಿಯಲ್ಲಿ ಒಂದು ಸಾರಿ ಸವರಿ, ಸರಿಯಿದೆ ಅಥವಾ ಇಲ್ಲ ಅನ್ನುತ್ತಿದ್ದರು. ಈಗ ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದರು, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು. ನಾನು ಕೂರುವ ಕಲ್ಲು ಮೂಲೆಯಲ್ಲಿತ್ತು, ಅವರಿಗೆ ಅದರ ನೆನಪಿರುತ್ತಿರಲಿಲ್ಲ. ಕಾಂಪೌಂಡು ಬಾಟಲಿಯ ಮುಚ್ಚಳ ತೆಗೆಯಲು ನನ್ನನ್ನು ಕರೆಯತೊಡಗಿದರು. ಒಂದು ದಿನ ಚರಂಡಿಯ ಹತ್ತಿರ ಅವರ ಎಡಗಾಲಿನ ಚಪ್ಪಲಿ ಬಿದ್ದಿತ್ತು. ನೋಡಿದರೆ ಅವರು ಒಂದೇ ಚಪ್ಪಲಿಯಲ್ಲಿ, ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಓಡಾಡುತ್ತಿದ್ದಾರೆ. ಚಪ್ಪಲಿ ತಂದು ಮುಂದಿಟ್ಟೆ. ಅವರು ಕಾಲು ನೋಡಿಕೊಂಡು, ವಯಸ್ಸಾಯ್ತು ಕಣವ್ವ, ಮರೆವು ಅಂದರು. ಚಪ್ಪಲಿ ಬಿಟ್ಟದ್ದನ್ನು ಮರೆಯಬಹುದು, ಕಾದ ಸಿಮೆಂಟನ್ನು ಕಾಲು ಮರೆಯುತ್ತದೆಯೇ ಅಂತ ಆಗ ನಾನು ಯೋಚಿಸಲಿಲ್ಲ. ನಲ್ಲಿ ನೀರು ಬರುವ ಹೊತ್ತಾಗಿತ್ತು.

ಆ ಕಪ್ಪು ಕಾರು ಬಂದದ್ದು ಅದಾದ ತಿಂಗಳಲ್ಲಿ. ಮಂಡ್ಯದ ನಿವೃತ್ತ ಹೆಡ್‌ಮಾಸ್ಟರೊಬ್ಬರದು. ಮಗಳ ನಿಶ್ಚಿತಾರ್ಥಕ್ಕೆ ಕಾರು ಚೆನ್ನಾಗಿ ಕಾಣಬೇಕು ಅಂತ ತಂದಿದ್ದರು. ಕಪ್ಪು ಬಣ್ಣ ಯಾವುದನ್ನೂ ಮುಚ್ಚಿಡುವುದಿಲ್ಲ, ಅದಕ್ಕೇ ಕಪ್ಪು ಕಾರು ಬಂದ ದಿನ ಅಂಗಡಿಯಲ್ಲಿ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮೇಸ್ತ್ರಿ ಬೆಳಗಿನಿಂದ ದುಡಿದು ಕೊನೆಯ ಹೊಳಪಿಗೆ ಬಂದಿದ್ದರು. ತೊಳೆದಿಟ್ಟ ಕರೀ ಪ್ಯಾಡನ್ನು ಮೆಷಿನ್ನಿಗೆ ಹಾಕುವಾಗ ಅದು ಕೈಯಿಂದ ಜಾರಿತು. ಮುಂದಿನ ಚಕ್ರದ ಪಕ್ಕ, ಟೈರಿನಿಂದ ಉದುರಿದ್ದ ಮಣ್ಣಿನ ಮೇಲೆ ಮುಖ ಕೆಳಗಾಗಿ ಬಿತ್ತು.

ನಾನು ಕೂತಲ್ಲಿಂದಲೇ ನೋಡಿದೆ. ಬಕೆಟ್ಟಿನ ಕಡೆ ಎಸೆಯುತ್ತಾರೆ ಅಂತ ಕೈ ಚಾಚುವುದರಲ್ಲಿದ್ದೆ. ಅವರು ಬಗ್ಗಿ ಎತ್ತಿಕೊಂಡರು. ಪ್ಯಾಡಿನ ಮುಖವನ್ನು ಬೆರಳಿನಿಂದ ಸವರಿದರು. ಇನ್ನೊಮ್ಮೆ ಸವರಿದರು. ಆಮೇಲೆ ಅದನ್ನೇ ಮೆಷಿನ್ನಿಗೆ ಅಂಟಿಸಿ ಬಾನೆಟ್ಟಿನ ಮೇಲಿಟ್ಟರು.

ನಾನು ಕೂಗಿ ಹೇಳಬೇಕಿತ್ತು. ಹೇಳಲಿಲ್ಲ. ಮೂವತ್ತು ವರ್ಷ ಪಳಗಿದ ಕೈ, ಸವರಿ ನೋಡಿದ್ದಾರೆ, ಅವರಿಗೆ ಗೊತ್ತಿರುತ್ತದೆ ಅಂದುಕೊಂಡೆ. ಇವತ್ತಿಗೂ ಆ ನಾಲ್ಕು ಕ್ಷಣ ನನ್ನನ್ನು ಬಿಟ್ಟಿಲ್ಲ.

ಒರೆಸಿ ನೋಡಿದಾಗ ಬಾನೆಟ್ಟಿನ ಎಡಭಾಗದಲ್ಲಿ ಕೂದಲೆಳೆಯಂಥ ಗೀರುಗಳು, ಒಂದರೊಳಗೊಂದು ಸುತ್ತಿಕೊಂಡಿದ್ದವು. ಹೆಡ್‌ಮಾಸ್ಟರು ಜೋರು ಮಾಡುವ ಜನ ಅಲ್ಲ. ಬೆಳಿಗ್ಗೆ ಇದು ಇರಲಿಲ್ಲವಲ್ಲ ಅಂತ ಮೆಲ್ಲಗೆ ಕೇಳಿದರು. ಓನರ್ರು ಬಗ್ಗಿ ನೋಡಿ, ಮೆಷಿನ್ನಿನಿಂದ ಪ್ಯಾಡು ಕಿತ್ತು, ಟ್ಯೂಬ್‌ಲೈಟಿಗೆ ಹಿಡಿದರು. ಮರಳು ಕಣ್ಣಿಗೇ ಕಾಣುತ್ತಿತ್ತು.

"ಏನಕ್ಕ ಇದು? ತೊಳ್ದಿರೋದಾ ಇದು?" ಅಂದರು ನನ್ನ ಕಡೆ ತಿರುಗಿ.

ನಾನು ಮೇಸ್ತ್ರಿಯ ಮುಖ ನೋಡಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾದೆ. ಅವರು ಮೆಷಿನ್ನಿನ ವೈರು ಸುತ್ತುತ್ತಿದ್ದರು, ನಿಧಾನವಾಗಿ, ಸುತ್ತು ಸುತ್ತಿಗೂ ಸರಿಮಾಡುತ್ತ. ಓನರ್ರು ಗಿರಾಕಿಯ ಮುಂದೆ ಇನ್ನೂ ಏನೇನೋ ಅಂದರು. ಬಿಸಿಲಲ್ಲಿ ಒಣಗಿಸಿದ್ದೀಯ, ಮಣ್ಣಲ್ಲಿ ಇಟ್ಟಿದ್ದೀಯ, ಗಮನ ಎಲ್ಲಿರುತ್ತೆ ಅಂದರು. ನಾಳೆಯಿಂದ ಪ್ಯಾಡು ಮುಟ್ಟಬೇಡ, ಟೈರು ತೊಳಿ, ಕಾಲೊರೆಸು ತೊಳಿ ಅಂದರು. ಗೀರು ತೆಗೆಯಲು ಭಾನುವಾರ ಮತ್ತೆ ಬನ್ನಿ ಅಂತ ಹೆಡ್‌ಮಾಸ್ಟರನ್ನು ಕಳಿಸಿಕೊಟ್ಟರು.

ಆ ಸಂಜೆ ಬಸ್ಸಿನಲ್ಲಿ ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಯಾರೋ ಮೈಯೊಳಗಿನಿಂದ ನೀರು ಒತ್ತಿ ತೆಗೆದ ಹಾಗಿತ್ತು. ಗಾರ್ಮೆಂಟ್ಸಿನಲ್ಲೂ ಇಂಥ ಮಾತು ಕೇಳಿದ್ದೆ. ಆದರೆ ಅಲ್ಲಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಲಸ ಕಲಿಸಿದವರು ಯಾರೂ ಇರಲಿಲ್ಲ.

ಮಾರನೇ ದಿನ ಪ್ಯಾಡು ತೊಳೆಯುವುದನ್ನು ಮೇಸ್ತ್ರಿಯೇ ಮಾಡಿದರು. ನಾನು ಟೈರಿನ ಹತ್ತಿರ ಬೆನ್ನು ಹಾಕಿ ಕೂತೆ. ಎರಡು ದಿನ ಹೀಗೇ ಕಳೆಯಿತು. ಊಟದ ಡಬ್ಬಿ ಬಿಚ್ಚುವಾಗ ಅವರು ಉಪ್ಪಿನಕಾಯಿ ತಂದಿಟ್ಟು ಹೋದರು, ನಾನು ಮುಟ್ಟಲಿಲ್ಲ.

ಮೂರನೇ ದಿನ ಮೇಸ್ತ್ರಿ ಗ್ಯಾಸ್ ಒಲೆಯ ಮೇಲೆ ನೀರು ಕಾಯಲಿಟ್ಟು ಫೋನಿನಲ್ಲಿ ಮಾತಾಡುತ್ತಿದ್ದರು. ವಾಪಸ್ ಬಂದು ನೀರನ್ನು ಬಕೆಟ್ಟಿಗೆ ಸುರಿದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಏನೋ ಅಂಟು ಕರಗಿದ ವಾಸನೆ ಬಂತು. ತಿರುಗಿ ನೋಡಿದೆ. ಬಕೆಟ್ಟಿನಿಂದ ಹೊಗೆಯ ಹಾಗೆ ಹಬೆ ಏಳುತ್ತಿತ್ತು. ಅವರು ಮಣಿಕಟ್ಟಿನವರೆಗೆ ಎರಡೂ ಕೈ ಮುಳುಗಿಸಿಕೊಂಡು ಒತ್ತಿ ಬಿಡುತ್ತ, ಒತ್ತಿ ಬಿಡುತ್ತ ಕೂತಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಪ್ಯಾಡುಗಳ ಬೆನ್ನಿನ ಪಟ್ಟಿ ಕಿತ್ತುಬಂದು ನೀರಿನ ಮೇಲೆ ತೇಲುತ್ತಿತ್ತು.

ಓಡಿಹೋಗಿ ಕೈ ಹಿಡಿದು ಎಳೆದೆ. ಬಕೆಟ್ಟು ಮಗುಚಿ ನನ್ನ ಪಾದಕ್ಕೂ ಚೂರು ಬಿತ್ತು, ಚುರ್ ಎಂದಿತು. ಅವರ ಕೈ ಕೆಂಡದ ಬಣ್ಣಕ್ಕೆ ತಿರುಗಿತ್ತು. ಕಾವೇರಿ ನೀರಿನ ಡ್ರಮ್ಮಿಗೆ ಎರಡೂ ಕೈ ಅದ್ದಿಸಿ ಹಿಡಿದುಕೊಂಡೆ. ಓನರ್ರು ಯಾವುದೋ ಕಾರು ತರಲು ಮಂಡ್ಯಕ್ಕೆ ಹೋಗಿದ್ದರು. ಅಂಗಡಿಯಲ್ಲಿದ್ದದ್ದು ನಾವಿಬ್ಬರೇ.

ಡ್ರಮ್ಮಿನ ಮುಂದೆ ನಿಂತುಕೊಂಡು ಅವರು ಎಲ್ಲ ಹೇಳಿದರು. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿತ್ತಂತೆ. ಮೊದಲು ಕಾಲ ಬೆರಳು ಜೋಮು ಹಿಡಿದವು, ಆಮೇಲೆ ಕೈ. ಒಂದು ವರ್ಷದಿಂದ ಪ್ಯಾಡು ಒದ್ದೆಯೋ ಒಣಗಿದೆಯೋ, ಬಾನೆಟ್ಟು ತಣ್ಣಗಿದೆಯೋ ಕಾದಿದೆಯೋ ಕೈಗೆ ತಿಳಿಯುತ್ತಿರಲಿಲ್ಲ. ಕೆನ್ನೆಯಲ್ಲಿ ನೋಡಿ, ಕಣ್ಣಲ್ಲಿ ನೋಡಿ, ಅಂದಾಜಿನ ಮೇಲೆ ತಳ್ಳುತ್ತಿದ್ದರು. ಪ್ಯಾಡು ಕೈಜಾರಿದ್ದು ತಿಳಿದರೆ ಕೈಯ ವಿಷಯವೂ ಹೊರಬೀಳುತ್ತದೆ ಅಂತ ಅವತ್ತು ಬಿದ್ದದ್ದನ್ನೇ ಹಾಕಿದ್ದರಂತೆ. ಹೇಳಿದರೆ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಕೂತು ಏನು ಮಾಡಲಿ, ಬೇರೆ ಏನು ಗೊತ್ತು ನನಗೆ ಅಂದರು.

"ಪ್ಯಾಡು ಬಿದ್ದಿದ್ದ ನೀನು ನೋಡ್ದೆ ಅಂತ ನಂಗೊತ್ತು ಕಣವ್ವ. ಓನರ್ರು ನಿನ್ನ ಬಯ್ಯುವಾಗ ನನ್ನ ನಾಲಿಗೇನೂ ಸತ್ತೋಯ್ತು."

ನನಗೆ ಅಯ್ಯೋ ಅನ್ನಿಸಿತು. ಅದರ ಜೊತೆಗೇ, ಮೂರು ದಿನ ತಡೆದಿದ್ದ ಸಿಟ್ಟೂ ಆಗಲೇ ಬಂತು. ಸುಟ್ಟ ಕೈ ಹಿಡಿದುಕೊಂಡು ಬಯ್ಯಬಾರದು ಅನ್ನುವುದು ಗೊತ್ತಿತ್ತು. ಆದರೂ ಹೇಳಿದೆ.

"ಅಣ್ಣ, ನಿಮ್ಮ ವಿಷ್ಯ ನಾನೇಳಕಿಲ್ಲ. ನನ್ನ ವಿಷ್ಯ ನೀವೇ ಏಳ್ಬೇಕು. ಆ ಗಿರಾಕಿ ಮುಂದೆ ಬಯ್ಸಕಂಡಿದೀನಿ, ಅವ್ರ ಮುಂದೇನೇ ಏಳ್ಬೇಕು."

ಅವರು ತಲೆಯಾಡಿಸಿದರು. ಮುಲಾಮು ಹಚ್ಚಿಸಲು ಆಟೋ ಹತ್ತಿಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೈಯಲ್ಲಿ ಬೊಬ್ಬೆ ಎದ್ದಿದ್ದವು. ನರ್ಸು ಬಟ್ಟೆ ಸುತ್ತುವಾಗ ನೋಯುತ್ತಿದೆಯಾ ಅಂತ ಕೇಳಿದಳು. ಇಲ್ಲ ಅಂದರು ಅವರು. ಪಾಪ ಧೈರ್ಯವಂತರು ಅಂದಳು ಆಕೆ.

ಭಾನುವಾರ ಹೆಡ್‌ಮಾಸ್ಟರು ಕಾರು ತಂದರು. ಮೇಸ್ತ್ರಿ ಎರಡೂ ಕೈಗೆ ಬಿಳೀ ಬಟ್ಟೆ ಸುತ್ತಿಕೊಂಡು ಮಳವಳ್ಳಿ ಕಡೆಯ ಮೊದಲ ಬಸ್ಸಿಗೇ ಬಂದು ಕೂತಿದ್ದರು. ಕಾರು ನಿಂತ ಕೂಡಲೇ ಎದ್ದು, ಓನರ್ರ ಮುಂದೆ, ಹೆಡ್‌ಮಾಸ್ಟರ ಮುಂದೆ, ಪ್ಯಾಡು ಬೀಳಿಸಿದ್ದು ನಾನು, ಗೊತ್ತಿದ್ದೂ ಹಾಕಿದ್ದು ನಾನು, ಇವಳದ್ದೇನೂ ತಪ್ಪಿಲ್ಲ ಅಂದರು. ಕೈಯ ವಿಷಯವನ್ನೂ ಮುಚ್ಚಿಡಲಿಲ್ಲ. ಓನರ್ರು ಅವರನ್ನು ನೋಡಿದರು, ನನ್ನನ್ನು ನೋಡಿದರು. ರಸ್ತೆಯಾಚೆಯ ಟೀ ಅಂಗಡಿಗೆ ಹೋಗಿಬಿಟ್ಟರು. ಹೆಡ್‌ಮಾಸ್ಟರು ಮಾತ್ರ, ಸಕ್ಕರೆ ಎಷ್ಟಿದೆ, ಮಾತ್ರೆಯೋ ಇಂಜೆಕ್ಷನ್ನೋ ಅಂತ ವಿಚಾರಿಸಿದರು. ಆಮೇಲೆ ಬಾನೆಟ್ಟಿನ ಕಡೆ ನೋಡುತ್ತ, ಈಗ ಇದನ್ನು ಸರಿಮಾಡುವವರು ಯಾರು ಅಂದರು. ನಿಶ್ಚಿತಾರ್ಥಕ್ಕೆ ಇನ್ನು ಎರಡೇ ದಿನ ಉಳಿದಿತ್ತು.

"ಅವ್ಳು ಮಾಡ್ತಾಳೆ," ಅಂದರು ಮೇಸ್ತ್ರಿ. "ನಾನು ಪಕ್ಕದಲ್ಲಿ ನಿಂತಿರ್ತೀನಿ."

ನನ್ನನ್ನು ಯಾರೂ ಕೇಳಲಿಲ್ಲ. ಮೆಷಿನ್ನನ್ನು ನಾನು ಒರೆಸಿದ್ದೆನೇ ಹೊರತು ಹಿಡಿದಿರಲಿಲ್ಲ. ಮೊದಲು ಒಂದು ಹಳೇ ಕಾರಿನ ಬಾಗಿಲಿನ ಮೇಲೆ ಅರ್ಧ ಗಂಟೆ ಮಾಡಿಸಿದರು. ಭಾರ ಹಾಕಬೇಡ, ಅದರ ತೂಕವೇ ಸಾಕು ಅಂದರು. ಆಮೇಲೆ ಕಪ್ಪು ಕಾರಿನ ಹತ್ತಿರ ಕರೆದರು. ಪ್ಯಾಡನ್ನು ಬೆರಳಲ್ಲಿ ಸವರಿ ಏನು ತಿಳಿಯುತ್ತದೋ ಹೇಳು ಅಂದರು. ಹೇಳಿದೆ. ಬಾನೆಟ್ಟಿನ ಮೇಲೆ ಕೈಯಿಟ್ಟು ಬಿಸಿ ಎಷ್ಟಿದೆ ಹೇಳು ಅಂದರು. ಬಾಣಂತಿಗೆ ಹೊಯ್ಯುವ ನೀರಿನಷ್ಟು ಅಂದೆ. ಹಾಗಾದರೆ ನಿಲ್ಲಿಸು, ಆರಲಿ ಅಂದರು. ಒಂದೊಂದು ಗೇಣಿಗೂ ಹೀಗೆ. ಹೆಡ್‌ಮಾಸ್ಟರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಪುಟ ತಿರುಗಿಸಿದ್ದನ್ನು ನಾನು ಕಾಣೆ.

ನಾಲ್ಕು ಗಂಟೆ ನಿಂತೆ. ಗೀರು ಹೋಯಿತು, ಪೂರಾ ಅಲ್ಲ, ಆದರೆ ಹುಡುಕಿದರೆ ಮಾತ್ರ ಕಾಣುವಷ್ಟು. ಹೆಡ್‌ಮಾಸ್ಟರು ಬಗ್ಗಿ ಓರೆಯಾಗಿ ನೋಡಿ, ಸಾಕು ಬಿಡಮ್ಮ ಅಂದರು. ಓನರ್ರು ನನಗೆ ಅಂತ ಟೀ ತಂದು ಕಲ್ಲಿನ ಮೇಲಿಟ್ಟರು. ಬಯ್ದದ್ದಕ್ಕೆ ಏನೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಕಾಲಿನ ನರ ಹಗ್ಗದ ಹಾಗೆ ಉಬ್ಬಿತ್ತು. ಕೂತು ಮಾಡುವ ಕೆಲಸ ಹುಡುಕಿಕೊಂಡು ಬಂದವಳು ಮತ್ತೆ ನಿಲ್ಲುವ ಕೆಲಸಕ್ಕೇ ಬಂದೆ ಅಂತ ಆಗ ಹೊಳೆದು ನಗುವ ಹಾಗಾಯಿತು.

ಅಲ್ಲಿಂದ ಮುಂದೆ ಏಳೆಂಟು ತಿಂಗಳು ನಾವಿಬ್ಬರೂ ಜೊತೆಗೆ ಕೆಲಸ ಮಾಡಿದೆವು. ಕಣ್ಣು ಅವರದು, ಕೈ ನನ್ನದು. ದೂರದಿಂದಲೇ ಬಣ್ಣದ ಮೇಲೆ ಬೆಳಕು ಬಿದ್ದ ರೀತಿ ನೋಡಿ, ಅಲ್ಲಿ ಇನ್ನೊಂದು ಸುತ್ತು ಅನ್ನುತ್ತಿದ್ದರು. ಪ್ಯಾಡು ತೊಳೆಯುವುದಕ್ಕೆ ಬೇರೆಯವರನ್ನು ಹಾಕೋಣ ಅಂತ ಓನರ್ರು ಹೇಳಿದಾಗ ಬೇಡ ಅಂದದ್ದು ನಾನೇ. ಇನ್ನೊಬ್ಬರು ತೊಳೆದ ಪ್ಯಾಡನ್ನು ನಂಬುವುದಕ್ಕೆ ನನಗೆ ಆಗುತ್ತಿರಲಿಲ್ಲ. ಹಾಗಾಗಿ ಹಗಲಿಡೀ ನಿಂತು, ಸಂಜೆ ಬಸ್ಸಿಗೆ ಮುಂಚೆ ಒಂದು ಗಂಟೆ ಕೂತು ತೊಳೆಯುವುದು ರೂಢಿಯಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಸ್ತ್ರಿಯ ಎಡಗಾಲಿಗೆ ಮುಳ್ಳು ಚುಚ್ಚಿತ್ತಂತೆ. ಅವರಿಗೆ ತಿಳಿಯಲೇ ಇಲ್ಲ. ಮನೆಯವರು ನೋಡುವ ಹೊತ್ತಿಗೆ ಕೀವು ಕಟ್ಟಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಅವರು ಅಂಗಡಿಗೆ ಮತ್ತೆ ಬರಲಿಲ್ಲ.

ಮೊನ್ನೆ ರಜೆಯ ದಿನ ಬೆಳಕವಾಡಿಗೆ ಹೋಗಿ ಅವರನ್ನು ನೋಡಿಕೊಂಡು ಬಂದೆ. ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದರು, ಸ್ವಲ್ಪ ದಪ್ಪಗಾಗಿದ್ದರು. ಯಾವ ಕಾಂಪೌಂಡು ತರುತ್ತಿದ್ದಾರೆ, ಹೊಸ ಪ್ಯಾಡು ಎಷ್ಟು ದಿನ ಬಾಳುತ್ತವೆ ಅಂತ ಎಲ್ಲ ಕೇಳಿದರು. ಈಗಿನವು ಹತ್ತು ಸಾರಿ ತೊಳೆಯುವುದರೊಳಗೆ ಅಂಚು ಕಿತ್ತುಬರುತ್ತವೆ ಅಂದೆ. ಎಲ್ಲಿ, ಕೈ ತೋರಿಸು ಅಂದರು. ತೋರಿಸಿದೆ. ಕೊಬ್ಬರಿ ಎಣ್ಣೆ ಹಚ್ಚುತ್ತಿಲ್ಲ ನೀನು ಅಂದರು. ಹಚ್ಚುತ್ತೇನೆ ಅಂತ ಸುಳ್ಳು ಹೇಳಿದೆ. ಹೊರಡುವಾಗ, ಸಕ್ಕರೆ ಪರೀಕ್ಷೆ ಮಾಡಿಸ್ಕೊ, ವರ್ಷಕ್ಕೊಂದ್ಸಾರಿಯಾದ್ರೂ ಅಂದರು. ಅವರ ಹೆಂಡತಿ ಒಂದು ಕಟ್ಟು ದಂಟಿನ ಸೊಪ್ಪು ಕೊಟ್ಟು ಕಳಿಸಿದರು.

ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಆಧಾರ್ ಕಾರ್ಡು ತೋರಿಸಿ ಟಿಕೆಟ್ಟು ತೆಗೆದುಕೊಂಡು, ಕಿಟಕಿ ಪಕ್ಕ ಕೂತೆ. ಊರಿಗೆ ಹೋಗಲು ಕೆ.ಎಂ. ದೊಡ್ಡಿಯಲ್ಲಿ ಇಳಿಯಬೇಕಿತ್ತು. ಕೂತ ಕೂಡಲೇ ನಿದ್ದೆ ಬಂದುಬಿಟ್ಟಿತು. ಕಂಡಕ್ಟರು ಏಳಿಸಿದಾಗ ಬಸ್ಸು ಖಾಲಿಯಾಗಿತ್ತು, ಮದ್ದೂರು ಬಂದಿತ್ತು. ರಜೆಯ ದಿನವೂ ನಿದ್ದೆ ಕೆಲಸದ ಊರಿಗೇ ಕರೆದುಕೊಂಡು ಬಂತಲ್ಲ ಅನ್ನಿಸಿತು. ಸೊಪ್ಪಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ವಾಪಸ್ ಹೋಗುವ ಬಸ್ಸಿಗಾಗಿ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ. ಇನ್ನೂ ಮುಕ್ಕಾಲು ಗಂಟೆ ಇದೆ ಅಂದರು ಪಕ್ಕದಲ್ಲಿ ಕೂತಿದ್ದವರು. ಇರಲಿ ಅಂದುಕೊಂಡು ಚಪ್ಪಲಿ ಬಿಚ್ಚಿ ಕಾಲು ಚಾಚಿದೆ.